ನಾರಿನ ಪುಡಿಯಿಂದ ಬೊಜ್ಜು ಕರಗುತ್ತದೆಯೇ? ನಾನು ಕಂಡದ್ದು

"ಇಸಬಗೋಲು ಕುಡಿದ್ರೆ ಸಣ್ಣ ಆಗ್ತಾರಂತೆ, ಹೌದಾ ಟೀಚರ್?" ಅಂತ ಈಗೀಗ ನನ್ನನ್ನು ಕೇಳದವರಿಲ್ಲ. ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ, ನೆಂಟರ ಮನೆಯ ಗೃಹಪ್ರವೇಶದಲ್ಲೂ ಕೇಳುತ್ತಾರೆ. ನಾನು ತುಮಕೂರಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ವೈದ್ಯೆಯಲ್ಲ. ಆದರೆ ಕಳೆದ ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದ ಡಾಕ್ಟರ ಸಲಹೆಯಂತೆ ಈ ಇಸಬಗೋಲು ಎಂಬ ನಾರಿನ ಪುಡಿ ತೆಗೆದುಕೊಳ್ಳುತ್ತಿದ್ದೇನೆ. ತೂಕ, ಸೊಂಟದ ಸುತ್ತಳತೆ, ಹಸಿವು, ಹೊಟ್ಟೆಯ ಸ್ಥಿತಿ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಕೇಳಿದವರಿಗೆ ನಿಂತಲ್ಲೇ ಎರಡು ಮಾತಿನಲ್ಲಿ ಉತ್ತರ ಹೇಳಲು ಆಗುತ್ತಿಲ್ಲ. ಅದಕ್ಕೇ ಈ ಬರಹ.

ನಾನು ಡಾಕ್ಟರ ಹತ್ತಿರ ಹೋದದ್ದು ಸಣ್ಣಗಾಗಲು ಅಲ್ಲ. ವರ್ಷಕ್ಕೊಮ್ಮೆ ಮಾಡಿಸುವ ರಕ್ತ ಪರೀಕ್ಷೆಯಲ್ಲಿ 'ಕೆಟ್ಟ ಕೊಲೆಸ್ಟ್ರಾಲ್' ಎನ್ನುವ ಎಲ್‌ಡಿಎಲ್ ಕೊಲೆಸ್ಟ್ರಾಲ್ 152 ಬಂದಿತ್ತು. ಮಲಬದ್ಧತೆ ಹಳೆಯ ಕಾಟ. ಐದಡಿ ಎರಡಂಗುಲದ ನನಗೆ 74 ಕಿಲೋ ತೂಕ, ಸೊಂಟ 96 ಸೆಂಟಿಮೀಟರ್. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಹೊಂದುತ್ತದೆಯೇ ಎಂದು ನೋಡುವ ಅಂಕಿ, ಲೆಕ್ಕ ಹಾಕಿದರೆ 30ರ ಹತ್ತಿರ. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ನಮ್ಮ ವೈದ್ಯರು ಗುರುತು ಹಾಕಿಕೊಂಡಿದ್ದಾರೆ. ಹೆಂಗಸರ ಸೊಂಟ 80 ಸೆಂಟಿಮೀಟರ್ ಮೀರಬಾರದು ಅನ್ನುತ್ತಾರೆ. ನಮ್ಮವರಿಗೆ ಬೊಜ್ಜು ಹೊಟ್ಟೆಯ ಒಳಗೆ, ಅಂಗಾಂಗಗಳ ಸುತ್ತ ಬೇಗ ಸೇರಿಕೊಳ್ಳುವುದರಿಂದ ಈ ಗೆರೆಯನ್ನು ಕೆಳಗೆ ಎಳೆದಿದ್ದಾರಂತೆ.

ಡಾಕ್ಟರು ಹೆಂಗಸು, ನಿಧಾನಸ್ಥರು. "ಕೊಲೆಸ್ಟ್ರಾಲ್ ಮಾತ್ರೆ ಈಗಲೇ ಬೇಡ. ನಡಿಗೆ, ಊಟ, ಜೊತೆಗೆ ಇಸಬಗೋಲು. ಕೆಲವು ತಿಂಗಳು ಬಿಟ್ಟು ಮತ್ತೆ ರಕ್ತ ನೋಡೋಣ" ಅಂದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಬೇರೆ ಏನೇನು ಮಾತ್ರೆ ತಗೋತೀರಿ?" ಥೈರಾಯ್ಡ್ ಮಾತ್ರೆ, ಬೆಳಗ್ಗೆ ಖಾಲಿ ಹೊಟ್ಟೆಗೆ ಅಂದೆ. "ಹಾಗಾದ್ರೆ ಇಸಬಗೋಲನ್ನ ಸಂಜೆ ಮೇಲೆ ಮಾತ್ರ ಮುಟ್ಟಿ. ನಾರು ಮಾತ್ರೇನ ಹಿಡ್ಕೊಂಡುಬಿಟ್ರೆ ಅದು ರಕ್ತಕ್ಕೆ ಸೇರೋದು ಕಡಿಮೆ ಆಗುತ್ತೆ" ಎಂದು ಚೀಟಿಯ ಮೇಲೆ ಅಡಿಗೆರೆ ಎಳೆದು ಬರೆದುಕೊಟ್ಟರು. ಆ ಒಂದು ಮಾತು ಇಸಬಗೋಲು ಪ್ಯಾಕೆಟ್ಟಿನ ಎದುರು ಭಾಗದಲ್ಲಿ ಎಲ್ಲೂ ಇರುವುದಿಲ್ಲ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್, ಲಿಥಿಯಂ, ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಇಂಥ ಔಷಧಿ ತೆಗೆದುಕೊಳ್ಳುವವರೂ ಇದನ್ನು ಕೇಳಿ ತಿಳಿದುಕೊಂಡೇ ಶುರು ಮಾಡಬೇಕು.

ಇಸಬಗೋಲು ನಮ್ಮ ಗ್ರಂಧಿಗೆ ಅಂಗಡಿಗಳಿಗೆ ಹೊಸದಲ್ಲ. ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶದ ಹೊಲಗಳಲ್ಲಿ ಚಳಿಗಾಲದ ಬೆಳೆಯಾಗಿ ಬೆಳೆಯುವ ಪುಟ್ಟ ಗಿಡದ ಬೀಜದ ಸಿಪ್ಪೆ ಅದು. ಗುಜರಾತಿನ ಉಂಝಾದಲ್ಲಿ ಅದರ ದೊಡ್ಡ ಮಾರುಕಟ್ಟೆಯಿದೆ, ಪಕ್ಕದ ಸಿದ್ಧಪುರದ ಗಿರಣಿಗಳಲ್ಲಿ ಬೀಜದಿಂದ ಸಿಪ್ಪೆ ಬೇರ್ಪಡಿಸುತ್ತಾರೆ. ಜಗತ್ತಿಗೆ ಬೇಕಾದ ಇಸಬಗೋಲಿನ ಬಹುಪಾಲು ನಮ್ಮ ದೇಶದ್ದೇ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1998ರಲ್ಲಿ, ಇದರಿಂದ ದಿನಕ್ಕೆ 7 ಗ್ರಾಂ ನೀರಿನಲ್ಲಿ ಕರಗುವ ನಾರು ಸಿಗುವಂತಿದ್ದರೆ ಹೃದ್ರೋಗದ ಅಪಾಯ ತಗ್ಗಬಹುದು ಎಂದು ಪ್ಯಾಕೆಟ್ಟಿನ ಮೇಲೆ ಬರೆಯಲು ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಸಿಕ್ಕಿದ್ದು ಹೃದಯದ ಬಗ್ಗೆ. ಬೊಜ್ಜಿನ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇಲ್ಲ.

ಮೊದಮೊದಲು ಅರ್ಧ ಚಮಚ. ರಾತ್ರಿ ಊಟಕ್ಕೆ ಅರ್ಧ ಗಂಟೆ ಮುಂಚೆ ದೊಡ್ಡ ಲೋಟದ ತುಂಬ ನೀರಿಗೆ ಹಾಕಿ, ಕದಡಿ, ಕದಡಿದ ಕೂಡಲೇ ಕುಡಿಯಬೇಕು. ಫೋನ್ ಬಂತೆಂದು ಎರಡು ನಿಮಿಷ ಬಿಟ್ಟರೆ ಲೋಟದಲ್ಲೇ ಲೋಳೆಯಾಗಿ ಗಟ್ಟಿಯಾಗುತ್ತದೆ. ಅದು ಲೋಟದಲ್ಲಿ ಆದರೆ ಚಿಂತೆಯಿಲ್ಲ, ಗಂಟಲಲ್ಲಿ ಆಗಬಾರದು. ಹಾಗಾಗಿ ಕುಡಿದ ಮೇಲೆ ಇನ್ನೊಂದು ಲೋಟ ನೀರು. ಮಲಗುವ ಹೊತ್ತಿಗೆ ಕುಡಿಯುವುದು ಬೇಡ ಎಂದೂ ಡಾಕ್ಟರು ಹೇಳಿದ್ದರು. ಹೊಟ್ಟೆ ಒಗ್ಗಿದ ಮೇಲೆ ಒಂದು ಚಮಚ, ಆಮೇಲೆ ದಿನಕ್ಕೆ ಎರಡು. ದೊಡ್ಡ ಚಮಚದ ತುಂಬ ಅಂದರೆ ಸುಮಾರು 5 ಗ್ರಾಂ.

ಮಲಬದ್ಧತೆ ಬೇಗ ಸರಿಹೋಯಿತು. ಎಷ್ಟೋ ವರ್ಷದಿಂದ ಬೆಳಗಿನ ಆ ಸಂಕಟಕ್ಕೆ ಒಗ್ಗಿಹೋಗಿದ್ದೆ. ಅದು ಇಲ್ಲದ ಬೆಳಗು ಎಷ್ಟು ಹಗುರ ಅನ್ನುವುದು ನನಗೆ ಮರೆತೇ ಹೋಗಿತ್ತು. ಬೇರೇನೂ ಆಗದಿದ್ದರೂ ಇದೊಂದಕ್ಕಾಗಿ ನಾನು ಇಸಬಗೋಲಿಗೆ ಋಣಿ.

ಆದರೆ ತಕ್ಕಡಿ ಮೇಲೆ ನಿಂತರೆ ತೂಕ ಇಳಿದಿರಲಿಲ್ಲ, ಏರಿತ್ತು. 74 ಇದ್ದದ್ದು 74.6. ಇದನ್ನು ನೋಡಿಯೇ ಎಷ್ಟೋ ಜನ "ನಾರಿನ ಪುಡಿ ತಗೊಂಡು ದಪ್ಪ ಆದೆ" ಎಂದು ಬಿಟ್ಟುಬಿಡುತ್ತಾರೆ. ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಒಂದು ಕಿಲೋ ಬೊಜ್ಜು ಮೈಗೆ ಸೇರಲು ಸುಮಾರು 7,700 ಕ್ಯಾಲರಿ ಹೆಚ್ಚಾಗಿ ತಿನ್ನಬೇಕು. 600 ಗ್ರಾಂಗೆ 4,600ಕ್ಕೂ ಹೆಚ್ಚು. ಊಟ ಮೊದಲಿನಷ್ಟೇ ಇತ್ತು, ಹೊಸದಾಗಿ ಸೇರಿದ್ದು ಪುಡಿ ಮತ್ತು ನೀರು ಮಾತ್ರ. ಕರುಳಿನ ಸೂಕ್ಷ್ಮಜೀವಿಗಳು ಹುದುಗಿಸುವ ನಾರಿನಿಂದಲೂ ಗ್ರಾಂಗೆ ಹೆಚ್ಚೆಂದರೆ 2 ಕ್ಯಾಲರಿ ಮೈಗೆ ದಕ್ಕುತ್ತದೆ. ಇಸಬಗೋಲು ಹುದುಗುವುದೇ ತೀರ ಕಡಿಮೆ. ಹತ್ತು ಗ್ರಾಂ ಪುಡಿಯಿಂದ 20 ಕ್ಯಾಲರಿಯೂ ಹುಟ್ಟುವುದಿಲ್ಲ. ಹಾಗಾದರೆ ಆ 600 ಗ್ರಾಂ ಎಲ್ಲಿಯದು? ನೀರು ಮತ್ತು ಮಲ. ಒಂದು ಗ್ರಾಂ ಇಸಬಗೋಲಿನ ನಾರು ಮಲದ ತೂಕವನ್ನು ಸುಮಾರು 4 ಗ್ರಾಂ ಹೆಚ್ಚಿಸುತ್ತದೆ, ಗೋಧಿ ಬೂಸ ಸುಮಾರು 5 ಗ್ರಾಂ. ದೊಡ್ಡ ಕರುಳು ತುಂಬಿಕೊಂಡು, ಒದ್ದೆಯಾಗಿ, ಸಲೀಸಾಗಿ ಮುಂದಕ್ಕೆ ತಳ್ಳುತ್ತದೆ. ಅದು ಅದರ ಕೆಲಸ. ಮನೆಗಳಲ್ಲಿ ಈಗ ಇಟ್ಟುಕೊಳ್ಳುವ, ಅಂಗಾಲಿನಿಂದ ವಿದ್ಯುತ್ ಹರಿಸಿ ಕೊಬ್ಬಿನ ಶೇಕಡಾವಾರು ತೋರಿಸುವ ತಕ್ಕಡಿಗಳಂತೂ ಮೈಯ ನೀರಿನ ಮಟ್ಟ ಬದಲಾದರೆ ಅಂಕಿಯನ್ನೇ ಬದಲಿಸುತ್ತವೆ. ಅದಕ್ಕೇ ನಾನು ನಂಬಿಕೊಂಡದ್ದು ಟೈಲರ್ ಟೇಪನ್ನು, ಅದೂ ಬೆಳಗ್ಗೆ ಶೌಚದ ನಂತರ, ಹೊಕ್ಕುಳಿನ ಮಟ್ಟದಲ್ಲಿ, ಉಸಿರು ಬಿಟ್ಟಾಗ.

ಇನ್ನು ಹಸಿವು. ಶಾಲೆ ಬಿಟ್ಟು ಮನೆಗೆ ಬರುವ ಹೊತ್ತಿಗೆ ನನಗೆ ತಡೆಯಲಾಗದ ಹಸಿವು. ಆ ಹೊತ್ತಿನಲ್ಲಿ ಕೈಗೆ ಸಿಕ್ಕಿದ್ದು ನಿಪ್ಪಟ್ಟೋ ಕೋಡುಬಳೆಯೋ, ಲೆಕ್ಕವೇ ಇರುತ್ತಿರಲಿಲ್ಲ. ಡಾಕ್ಟರನ್ನು ಕೇಳಿ ಒಂದು ಚಮಚವನ್ನು ಆ ಹೊತ್ತಿಗೆ ಬದಲಾಯಿಸಿಕೊಂಡೆ. ಹೊಟ್ಟೆಯಲ್ಲಿ ಲೋಳೆಯಾಗಿ ನಿಂತು, ಆಹಾರ ಕೆಳಗಿಳಿಯುವುದನ್ನು ನಿಧಾನ ಮಾಡುವ ಗುಣ ಇದಕ್ಕಿದೆ. ಆ ಗುಣದಿಂದಲೇ ಊಟದ ನಂತರ ಸಕ್ಕರೆ ರಕ್ತಕ್ಕೆ ನುಗ್ಗುವುದೂ ನಿಧಾನವಾಗುತ್ತದೆ. ಕರಿದ ತಿಂಡಿ ಕಡಿಮೆಯಾದದ್ದು ನಿಜ. ಆದರೆ ಹಸಿವು ಹೋಗಲಿಲ್ಲ. ಸ್ವಲ್ಪ ಹಿಂದೆ ಸರಿಯಿತು, ಅಷ್ಟೇ. ಮೇಲೇನು ತಿನ್ನಬೇಕು ಎಂದು ಯೋಚಿಸಲು ಅರ್ಧ ಗಂಟೆ ಬಿಡುವು ಕೊಟ್ಟಿತು. ಮಳೆಗಾಲ ಮುಗಿಯುವ ವೇಳೆಗೆ ಆ ಪರಿಣಾಮವೂ ಮೊದಲಿನಷ್ಟು ಉಳಿಯಲಿಲ್ಲ. ಹೊಟ್ಟೆ ಒಗ್ಗಿಕೊಂಡಿತೋ ನಾನು ಒಗ್ಗಿಕೊಂಡೆನೋ ಬೇರ್ಪಡಿಸಿ ಹೇಳಲಾರೆ.

ದಸರಾ ರಜೆಗೆ ಮಗಳು ಮೈಸೂರಿನಿಂದ ಬಂದಳು. ಆಹಾರ ವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ನೋಟ್‌ಬುಕ್ ನೋಡಿದಳು. ಜೂನ್‌ನಿಂದ ಅಲ್ಲಿವರೆಗೆ ತೂಕ 74ರಿಂದ 73.2ಕ್ಕೆ ಬಂದಿತ್ತು, ಸೊಂಟ 95. ನನಗೆ ಮನಸ್ಸು ಕುಗ್ಗಿತ್ತು. "ಅಮ್ಮಾ, ಪುಡಿಯೊಂದರಿಂದ ಇಷ್ಟೇ ಆಗೋದು. ನಿನಗೆ ಬರಬೇಕಾದಷ್ಟೇ ಬಂದಿದೆ" ಎಂದು ತನ್ನ ಲ್ಯಾಪ್‌ಟಾಪಿನಲ್ಲಿದ್ದ ಸಂಶೋಧನಾ ಲೇಖನಗಳನ್ನು ಒಂದೊಂದಾಗಿ ತೆಗೆದು ತೋರಿಸಿದಳು. ತಾಯಿ ಮಗಳು ಇಬ್ಬರೂ ಆ ರಜೆಯ ಮಧ್ಯಾಹ್ನಗಳನ್ನು ಅದರಲ್ಲೇ ಕಳೆದೆವು.

2020ರಲ್ಲಿ ಪ್ರಕಟವಾದ ಒಂದು ಲೇಖನ 62 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದೆ. ಸೇರಿ ಸುಮಾರು 3,900 ಜನ. ಇಸಬಗೋಲು, ಗೋರಿಕಾಯಿ ಬೀಜದ ಗೋಂದು, ಓಟ್ಸ್‌ನ ನಾರು ಇಂಥ ಲೋಳೆಯಾಗುವ ನಾರನ್ನು ದಿನಕ್ಕೆ ಸರಾಸರಿ 8 ಗ್ರಾಂ ತೆಗೆದುಕೊಂಡವರು. ಊಟ ಕಡಿಮೆ ಮಾಡಿ ಎಂದು ಅವರಿಗೆ ಹೇಳಿರಲಿಲ್ಲ. ತೂಕ ಇಳಿದದ್ದು ಸರಾಸರಿ 0.33 ಕಿಲೋ. ಸೊಂಟ 0.63 ಸೆಂಟಿಮೀಟರ್. ಮೈಯ ಕೊಬ್ಬಿನ ಪ್ರಮಾಣದಲ್ಲಿ ಖಚಿತವಾಗಿ ಹೇಳುವಂಥ ಬದಲಾವಣೆ ಇರಲಿಲ್ಲ. 2017ರ ಇನ್ನೊಂದು ಲೇಖನ ತೂಕ ಹೆಚ್ಚಿದ್ದವರನ್ನು ಮಾತ್ರ ಆಯ್ದುಕೊಂಡ 12 ಪ್ರಯೋಗಗಳದ್ದು. 609 ಜನ. ಅಲ್ಲಿ ಇಳಿಕೆ 2.5 ಕಿಲೋ, ಕೊಬ್ಬು ಶೇಕಡಾ 0.4ರಷ್ಟು. ಆದರೆ ಎಲ್ಲವೂ ಸಣ್ಣ ಪ್ರಯೋಗಗಳು, ಅತಿ ಉದ್ದದ್ದೂ 17 ವಾರದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣುವುದು ಇದು: ತೂಕ ಹೆಚ್ಚಿರುವವರಿಗೆ ಸ್ವಲ್ಪ ಸಹಾಯ ಸಿಗುತ್ತದೆ, ಬೊಜ್ಜು ಕರಗಿಸುವ ಶಕ್ತಿ ಪುಡಿಗಿಲ್ಲ. ಪುಡಿ ಕೊಬ್ಬನ್ನು ಸುಡುವುದಿಲ್ಲ. ಕಡಿಮೆ ತಿನ್ನಲು ಆಸರೆ ಕೊಡುತ್ತದೆ, ಆ ಆಸರೆಯನ್ನು ನಾವು ಬಳಸಿಕೊಳ್ಳದಿದ್ದರೆ ಏನೂ ಆಗುವುದಿಲ್ಲ.

ಅದೇ ರಜೆಯಲ್ಲಿ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಇನ್ನೊಂದು ಡಬ್ಬಿ ಕಳಿಸಿದ. ಇನುಲಿನ್ ಪುಡಿ. ನಮ್ಮ ಕಾಫಿಪುಡಿಗೆ ಬೆರೆಸುವ ಚಿಕೋರಿ ಬೇರಿನಿಂದಲೇ ತೆಗೆಯುವ ನಾರು. ಸಿಹಿಯಾಗಿರುತ್ತದೆ, ಲೋಳೆಯಾಗುವುದಿಲ್ಲ, ಕುಡಿಯಲು ಸುಖ. ಇಸಬಗೋಲಿನ ಬದಲು ಕೆಲವು ದಿನ ಅದನ್ನು ಕುಡಿದೆ. ಹೊಟ್ಟೆ ಉಬ್ಬರಿಸಿ, ಗುಡುಗುಡು ಸದ್ದು, ತರಗತಿಯಲ್ಲಿ ನಿಂತು ಪಾಠ ಮಾಡುವುದು ಕಷ್ಟವಾಯಿತು. ಸಂಜೆಗೆ ಸೀರೆ ಸೊಂಟದಲ್ಲಿ ಬಿಗಿ. ಟೇಪು ಹಿಡಿದರೆ 97. ಅದೂ ಬೊಜ್ಜಲ್ಲ, ಗಾಳಿ. ಇನುಲಿನ್ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಊಟವಾಗುತ್ತದೆ. ಅವು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರು ಕೊಬ್ಬಿನಾಮ್ಲಗಳನ್ನು ಮಾಡುತ್ತವೆ, ಜೊತೆಗೆ ಗ್ಯಾಸ್. ಆ ಆಮ್ಲಗಳಲ್ಲಿ ಒಂದಷ್ಟು ಕರುಳಿಗೆ ಒಳ್ಳೆಯದೇ ಮಾಡುತ್ತವೆ. ಹಸಿವು ತಗ್ಗಿಸುವ ಹಾರ್ಮೋನುಗಳನ್ನು ಹೊರಡಿಸುತ್ತವೆ ಎಂದೂ ಸಂಶೋಧಕರು ಹೇಳುತ್ತಾರೆ. ಕೆನಡಾದಲ್ಲಿ ಇದೇ ಜಾತಿಯ ನಾರನ್ನು ದಿನಕ್ಕೆ 21 ಗ್ರಾಂನಂತೆ 12 ವಾರ ಕೊಟ್ಟಾಗ ಒಂದು ಕಿಲೋ ಇಳಿದಿದ್ದಾರೆ, ಕೊಡದವರು ಅರ್ಧ ಕಿಲೋದಷ್ಟು ಏರಿದ್ದಾರೆ. ನನ್ನ ಹೊಟ್ಟೆಗೆ 21 ಗ್ರಾಂ ಅಂತೂ ಸಾಧ್ಯವೇ ಇಲ್ಲ. ಕರುಳಿನ ಕಿರಿಕಿರಿ ಇರುವವರು ಇದರ ಹತ್ತಿರ ಹೋಗುವಾಗ ಜೋಪಾನ.

ನಾರಿನಿಂದಲೇ ಬೊಜ್ಜು ಬರಬಹುದೇ ಎನ್ನುವ ಪ್ರಶ್ನೆ ನನ್ನದೂ ಆಗಿತ್ತು. ಮಗಳು ಜರ್ಮನಿಯ ಸಂಶೋಧಕರ 2010ರ ಇಲಿಗಳ ಪ್ರಯೋಗ ತೋರಿಸಿದಳು. ಕೊಬ್ಬು ಹೆಚ್ಚಿರುವ ಆಹಾರದ ಜೊತೆ ಒಂದು ಗುಂಪಿನ ಇಲಿಗಳಿಗೆ ಹುದುಗುವ ಗೋರಿಕಾಯಿ ನಾರು, ಇನ್ನೊಂದು ಗುಂಪಿಗೆ ಕರಗದ ಧಾನ್ಯದ ನಾರು. 45 ವಾರ ಸಾಕಿದ ಮೇಲೆ ಹುದುಗುವ ನಾರು ತಿಂದ ಇಲಿಗಳೇ ಹೆಚ್ಚು ತೂಕ ಪಡೆದಿದ್ದವು. ಹುದುಗಿದ ನಾರಿನಿಂದ ಅವು ಶಕ್ತಿಯನ್ನು ಹೆಚ್ಚು ಎಳೆದುಕೊಂಡಿದ್ದವು. ಇಲಿಯ ಮಾತು ಮನುಷ್ಯರಿಗೆ ನೇರವಾಗಿ ಹೊಂದುವುದಿಲ್ಲ. ಮನುಷ್ಯರ ಪ್ರಯೋಗಗಳಲ್ಲಿ ಒಟ್ಟಾರೆ ತೂಕ ಏರಿಲ್ಲ, ತುಸು ಇಳಿದಿದೆ. ಆದರೆ "ನಾರು ಅಂದಮೇಲೆ ಎಲ್ಲಾ ಒಂದೇ" ಎಂಬ ಮಾತು ಸುಳ್ಳು ಎನ್ನುವುದು ನನಗೆ ಆವತ್ತು ಗಟ್ಟಿಯಾಯಿತು. ಇಸಬಗೋಲು ಬೇರೆ, ಇನುಲಿನ್ ಬೇರೆ, ಬೂಸ ಬೇರೆ. ಡಬ್ಬಿಯ ಮೇಲೆ ದೊಡ್ಡದಾಗಿ 'ಫೈಬರ್' ಎಂದಿದ್ದರೆ ಸಾಲದು, ಯಾವ ನಾರು ಎಂದು ತಿರುಗಿಸಿ ಓದಬೇಕು.

ತಿರುಗಿಸಿ ಓದಿದರೆ ಬೊಜ್ಜು ನಿಜವಾಗಿ ಎಲ್ಲಿಂದ ಬರುತ್ತದೆ ಎನ್ನುವುದೂ ಗೊತ್ತಾಗುತ್ತದೆ. ಕಿತ್ತಳೆ ರುಚಿಯ ನಾರಿನ ಪುಡಿಗಳಲ್ಲಿ ಕೆಲವಕ್ಕೆ ಸಕ್ಕರೆ ಸೇರಿಸಿರುತ್ತಾರೆ. ನಾರಿನ ಬಿಸ್ಕತ್ತುಗಳ ಕಥೆ ಇನ್ನೂ ದೊಡ್ಡದು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ 100 ಗ್ರಾಂನಲ್ಲಿ 6 ಗ್ರಾಂ ನಾರಿದ್ದರೆ 'ಹೈ ಫೈಬರ್' ಎಂದು ಬರೆಯಬಹುದು. ಬಿಸ್ಕತ್ತಿನಲ್ಲಿ ಆ 6 ಗ್ರಾಂ ಬರಬೇಕಾದರೆ ಜೊತೆಗೆ 400ಕ್ಕೂ ಹೆಚ್ಚು ಕ್ಯಾಲರಿ, ಮೈದಾ, ಎಣ್ಣೆ, ಸಕ್ಕರೆ ಎಲ್ಲ ಬರುತ್ತದೆ. ನಮ್ಮ ಮನೆಯ ರಾಗಿ ಹಿಟ್ಟಿನ ಡಬ್ಬಿಯ ಮೇಲೆ ಯಾರೂ ಏನೂ ಬರೆದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ 11 ಗ್ರಾಂ ನಾರು. ಸ್ಟಾಫ್ ರೂಮಿನ ಟೇಬಲ್ ಮೇಲೆ ಸದಾ ಇರುವ ಆ ಬಿಸ್ಕತ್ತಿನ ಪ್ಯಾಕೆಟ್ಟುಗಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಒಳ್ಳೆಯದು ಎಂದುಕೊಂಡು, ನಂಬಿಕೊಂಡು ತಿನ್ನುತ್ತಾರೆ ಪಾಪ.

ಅದಕ್ಕಿಂತ ಹೆಚ್ಚು ಸಂಕಟವಾದದ್ದು ಒಬ್ಬ ಸಹೋದ್ಯೋಗಿಯ ವಿಷಯದಲ್ಲಿ. ನನ್ನನ್ನು ನೋಡಿಯೇ ಶುರು ಮಾಡಿದವರು. ಆದರೆ ಅವರು ರಾತ್ರಿ ಊಟ ಬಿಟ್ಟು ಆ ಜಾಗಕ್ಕೆ ಇಸಬಗೋಲು ಕುಡಿಯುತ್ತಿದ್ದರು. ಮೊದಲೇ ರಕ್ತಹೀನತೆ, ಕಬ್ಬಿಣದ ಮಾತ್ರೆ ನಡೆಯುತ್ತಿತ್ತು, ಅದನ್ನೂ ಪುಡಿಯ ಜೊತೆಗೇ ನುಂಗುತ್ತಿದ್ದರು. ಪ್ರಾರ್ಥನೆಯ ಹೊತ್ತಿಗೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟರು. ಜೊತೆಗೆ ಕರೆದುಕೊಂಡು ನಮ್ಮ ಡಾಕ್ಟರ ಹತ್ತಿರ ಹೋದೆ. "ಇದು ಊಟ ಅಲ್ಲಮ್ಮ. ಇದರಲ್ಲಿ ಪ್ರೋಟೀನ್ ಇಲ್ಲ, ಕಬ್ಬಿಣ ಇಲ್ಲ, ಏನೂ ಇಲ್ಲ. ಊಟ ಮಾಡಿ, ಮಾತ್ರೆಗೂ ಇದಕ್ಕೂ ಎರಡು ಮೂರು ಗಂಟೆ ಅಂತರ ಇರಲಿ" ಎಂದು ಅವರಿಗೆ ಬಿಡಿಸಿ ಹೇಳಿದರು. ಅವರ ಚೀಲದಲ್ಲಿ ಇನ್ನೂ ಒಂದು ಡಬ್ಬಿ ಇತ್ತು, ಗ್ಲುಕೊಮನ್ನಾನ್ ಕ್ಯಾಪ್ಸೂಲು. ಕೊಂಜಾಕ್ ಎಂಬ ಗೆಡ್ಡೆಯಿಂದ ತೆಗೆಯುವ ನಾರು, ನಮ್ಮ ಸುವರ್ಣಗೆಡ್ಡೆಯ ಹತ್ತಿರದ ಸಂಬಂಧಿ.

ಅದರ ಬಗ್ಗೆ ಮಗಳು ಹೇಳಿದ್ದನ್ನು ಇಲ್ಲಿ ಸೇರಿಸುತ್ತೇನೆ. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ, ದಿನಕ್ಕೆ 3 ಗ್ರಾಂ ಗ್ಲುಕೊಮನ್ನಾನನ್ನು ಮೂರು ಪಾಲು ಮಾಡಿ, ಊಟಕ್ಕೆ ಮುಂಚೆ ಒಂದೆರಡು ಲೋಟ ನೀರಿನ ಜೊತೆ, ಕ್ಯಾಲರಿ ಕಡಿಮೆಯಿರುವ ಊಟದೊಂದಿಗೆ ತೆಗೆದುಕೊಂಡರೆ ತೂಕ ಇಳಿಸಲು ನೆರವಾಗುತ್ತದೆ ಎಂದು ಒಪ್ಪಿತು. ಕ್ಯಾಲರಿ ಕಡಿಮೆಯಿರುವ ಊಟ ಎಂಬ ಷರತ್ತನ್ನು ಜಾಹೀರಾತಿನಲ್ಲಿ ಯಾರೂ ಹೇಳುವುದಿಲ್ಲ. ಇದರ ಮಾತ್ರೆಗಳು ಗಂಟಲ ಕೆಳಗೆ, ಅನ್ನನಾಳದಲ್ಲೇ ಉಬ್ಬಿ ಸಿಕ್ಕಿಹಾಕಿಕೊಂಡದ್ದರಿಂದ ಆಸ್ಟ್ರೇಲಿಯಾ 1985ರಲ್ಲಿ ಮಾತ್ರೆ ರೂಪವನ್ನು ನಿಷೇಧಿಸಿತು. ಅಮೆರಿಕದಲ್ಲಿ ಗೋರಿಕಾಯಿ ಗೋಂದಿನ 'ಕ್ಯಾಲ್-ಬ್ಯಾನ್ 3000' ಎಂಬ ಮಾತ್ರೆ ಇದೇ ಕಾರಣಕ್ಕೆ 1990ರಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. ಬೊಜ್ಜು ಇಳಿಸುವ ಮಟ್ಟಿಗೆ ಗೋರಿಕಾಯಿ ಗೋಂದು ಉಪಯೋಗವಿಲ್ಲ ಎಂದು 2001ರಲ್ಲೇ ಹಲವು ಪ್ರಯೋಗಗಳನ್ನು ಸೇರಿಸಿ ನೋಡಿದವರು ಬರೆದಿದ್ದಾರೆ. ಗೋರಿಕಾಯಿ ಪಲ್ಯ ತಿನ್ನಿ, ಅದಕ್ಕೆ ಯಾವ ಅಡ್ಡಿಯೂ ಇಲ್ಲ.

ಗಂಟಲ ವಿಷಯ ನಮ್ಮ ಮನೆಯಲ್ಲೇ ಇತ್ತು. ಅತ್ತೆಗೆ ಎಂಬತ್ತು ದಾಟಿದೆ. ಸಕ್ಕರೆ ಕಾಯಿಲೆ, ಜೊತೆಗೆ ಪಾರ್ಶ್ವವಾಯು ಆದಮೇಲೆ ನುಂಗುವಾಗ ಕೆಮ್ಮು. "ನಂಗೂ ಒಂದ್ ಚಮಚ ಕಲ್ಸ್‌ಕೊಡೇ, ಹೊಟ್ಟೆ ಕಟ್ಕೊಂಡಿದೆ" ಎಂದು ದಿನಾ ಕೇಳುತ್ತಿದ್ದರು. ಡಾಕ್ಟರು ಸ್ಪಷ್ಟವಾಗಿ ಬೇಡ ಅಂದರು. ನುಂಗಲು ತೊಂದರೆ ಇರುವವರಿಗೆ, ಕರುಳು ಎಲ್ಲಾದರೂ ಕಿರಿದಾಗಿರುವವರಿಗೆ, ನೀರು ಸಾಕಷ್ಟು ಕುಡಿಯಲಾಗದವರಿಗೆ ಇದು ಅಪಾಯ. ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ಇರುವವರು ಸಕ್ಕರೆ ತೀರ ಇಳಿಯದಂತೆಯೂ ನೋಡಿಕೊಳ್ಳಬೇಕು. ಅತ್ತೆಗೆ ಬೇಯಿಸಿ ಮೆತ್ತಗೆ ಮಸೆದ ಸೊಪ್ಪು, ಮಾಗಿದ ಪರಂಗಿ ಹಣ್ಣು, ಗಟ್ಟಿಯಾಗಿ ಕಾಯಿಸಿದ ರಾಗಿ ಗಂಜಿ ಶುರು ಮಾಡಿದೆವು. ಅವರ ಹೊಟ್ಟೆ ಈಗ ಪರವಾಗಿಲ್ಲ.

ದಸರಾ ನಂತರ ನನ್ನ ಊಟದ ತಟ್ಟೆಯ ಲೆಕ್ಕಕ್ಕೆ ಕೂತೆವು. ನನಗೆ ಇಡೀ ಪ್ರಯಾಣದಲ್ಲಿ ತುಂಬ ಖುಷಿ ಕೊಟ್ಟ ಭಾಗ ಇದು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು 240 ಜನರನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗವೊಂದು 2015ರಲ್ಲಿ ಪ್ರಕಟವಾಗಿದೆ. ಒಂದು ಗುಂಪಿಗೆ ಉಪ್ಪು, ಕೊಬ್ಬು, ಸಕ್ಕರೆ, ಪ್ರೋಟೀನ್ ಎಲ್ಲಕ್ಕೂ ನಿಯಮವಿರುವ ಉದ್ದನೆಯ ಪಥ್ಯ. ಇನ್ನೊಂದು ಗುಂಪಿಗೆ ಒಂದೇ ಮಾತು: ದಿನಕ್ಕೆ 30 ಗ್ರಾಂ ನಾರು ತಿನ್ನಿ. ವರ್ಷದ ಕೊನೆಗೆ ಮೊದಲ ಗುಂಪು 2.7 ಕಿಲೋ ಇಳಿದಿತ್ತು, ಎರಡನೆಯದು 2.1 ಕಿಲೋ. ಒಂದೇ ಒಂದು ಮಾತನ್ನು ಪಾಲಿಸಿದವರು ಅಷ್ಟೊಂದು ನಿಯಮ ಪಾಲಿಸಿದವರ ಹತ್ತಿರಕ್ಕೆ ಬಂದಿದ್ದರು. ನನ್ನಂಥ ದುಡಿಯುವ ಹೆಂಗಸಿಗೆ ಇದಕ್ಕಿಂತ ಸಮಾಧಾನದ ಸುದ್ದಿ ಬೇರೆ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಎಂದು ಹೇಳುವಾಗಲೂ, ಅದು ಆಹಾರದಲ್ಲೇ ಸಹಜವಾಗಿರುವ ನಾರು ಎಂದೇ ಹೇಳಿದೆ. ಡಬ್ಬಿಯ ನಾರು ಆ ಲೆಕ್ಕಕ್ಕೆ ಬರುವುದಿಲ್ಲ.

ನನ್ನ ಹಳೆಯ ದಿನಚರಿಯಲ್ಲಿ ಬೆಳಗ್ಗೆ ಇಡ್ಲಿ ಚಟ್ನಿ, ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ ಸಾರು, ಸಂಜೆ ಕರಿದದ್ದು, ರಾತ್ರಿ ಮತ್ತೆ ಅನ್ನ. ಕೂಡಿಸಿದರೆ 15 ಗ್ರಾಂ ಆಸುಪಾಸು. ಪಾಲಿಶ್ ಅಕ್ಕಿಯಲ್ಲಿ 100 ಗ್ರಾಂಗೆ 3 ಗ್ರಾಂ ಕೂಡ ನಾರಿಲ್ಲ. ಹೊಸ ಲೆಕ್ಕ ಹೀಗೆ ಬಂತು: ರಾತ್ರಿ ಅನ್ನದ ಬದಲು 80 ಗ್ರಾಂ ಹಿಟ್ಟಿನ ಒಂದು ಮುದ್ದೆ, ಸುಮಾರು 9 ಗ್ರಾಂ ನಾರು. ಬಸ್ಸಾರಿಗೋ ಉಸಲಿಗೋ ಒಂದು ಹಿಡಿ, ಅಂದರೆ 40 ಗ್ರಾಂ ಹೆಸರುಕಾಳು, 7 ಗ್ರಾಂ ಹತ್ತಿರ. ಎರಡು ಹೊತ್ತಿನ ಸೊಪ್ಪು ತರಕಾರಿ ಸೇರಿ 5-6. ಮಧ್ಯಾಹ್ನದ ಅನ್ನದಿಂದ 2. ಸಂಜೆ ಶಾಲೆಯ ಗೇಟಿನ ಮುಂದೆ ಸಿಗುವ ಸೀಬೆಹಣ್ಣು ಒಂದು, 8 ಗ್ರಾಂ ವರೆಗೆ. ಸೀಬೆಹಣ್ಣನ್ನು ನಾನು ಎಷ್ಟು ವರ್ಷ ಕಡೆಗಣಿಸಿದ್ದೆ ಎಂದು ನೆನೆದರೆ ಬೇಸರವಾಗುತ್ತದೆ. ಕಿಲೋಗೆ ನೂರಾರು ರೂಪಾಯಿ ಕೊಟ್ಟು ಹೊರದೇಶದ ಹಣ್ಣು ತರುವವರು ಇದನ್ನೊಮ್ಮೆ ನೋಡಬೇಕು.

ಇಲ್ಲೂ ಒಂದು ಎಚ್ಚರ. ರಾಗಿಯಲ್ಲಿ ನಾರಿದೆ ಎಂದು ಎರಡು ಮುದ್ದೆ ನುಂಗಿದರೆ ಬೊಜ್ಜು ಇಳಿಯುವುದಿಲ್ಲ. ರಾಗಿಗೂ 100 ಗ್ರಾಂಗೆ 320 ಕ್ಯಾಲರಿ, ಅಕ್ಕಿಗೆ 356. ಅಂತರ ದೊಡ್ಡದಲ್ಲ. ಮುದ್ದೆಯ ಲಾಭವೇನೆಂದರೆ ಒಂದಕ್ಕೇ ಸಾಕೆನಿಸುತ್ತದೆ, ಜೊತೆಗೆ ಕಾಳು ಸೊಪ್ಪಿನ ಸಾರು ತಾನಾಗಿಯೇ ಬರುತ್ತದೆ. ನಾರನ್ನು ಹೆಚ್ಚಿಸುವಾಗ ವಾರಕ್ಕೆ ಒಂದೊಂದನ್ನೇ ಬದಲಿಸಿದ್ದರಿಂದ ಇನುಲಿನ್ ಕುಡಿದಾಗಿನ ಉಬ್ಬರ ಈ ಸಲ ಆಗಲಿಲ್ಲ. ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಬೇಕು. ಇಸಬಗೋಲನ್ನು ದಿನಕ್ಕೆ ಒಂದೇ ಚಮಚಕ್ಕೆ ಇಳಿಸಿ ಅಂದರು ಡಾಕ್ಟರು, ಅದನ್ನು ಸಂಜೆಗೆ ಉಳಿಸಿಕೊಂಡೆ. ಬೆಳಗಿನ ನಡಿಗೆಯನ್ನು ಅಮಾನಿಕೆರೆಯ ಸುತ್ತ ಖಾಯಂ ಮಾಡಿಕೊಂಡೆ.

ಸಂಕ್ರಾಂತಿ ಕಳೆದು ನೋಡಿದಾಗ ತೂಕ 70.5, ಸೊಂಟ 92. ಎಲ್‌ಡಿಎಲ್ 139. ತೂಕದ ಇಳಿಕೆಯಲ್ಲಿ ಹೆಚ್ಚಿನ ಪಾಲು ದಸರಾ ನಂತರದ್ದು, ಅಂದರೆ ತಟ್ಟೆಯದು ಮತ್ತು ನಡಿಗೆಯದು. ಕೊಲೆಸ್ಟ್ರಾಲಿನ ಇಳಿಕೆಯಲ್ಲಿ ಇಸಬಗೋಲಿನ ಪಾಲು ದೊಡ್ಡದು ಎಂದು ಡಾಕ್ಟರು ಹೇಳಿದರು. ಅದರ ಲೋಳೆ ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದು ಮಲದ ಜೊತೆ ಹೊರಗೆ ಕಳಿಸುತ್ತದೆ. ಯಕೃತ್ತು ಹೊಸ ಪಿತ್ತ ತಯಾರಿಸಲು ರಕ್ತದಿಂದ ಕೊಲೆಸ್ಟ್ರಾಲನ್ನು ಸೆಳೆದುಕೊಳ್ಳಬೇಕಾಗುತ್ತದೆ. ಥೈರಾಯ್ಡ್ ಪರೀಕ್ಷೆಯೂ ಮೊದಲಿನ ಮಟ್ಟದಲ್ಲೇ ಇತ್ತು. ಹೊತ್ತು ಬೇರೆ ಇಟ್ಟುಕೊಂಡದ್ದು ಫಲ ಕೊಟ್ಟಿತ್ತು.

ನನ್ನ ಸಹೋದ್ಯೋಗಿ ಈಗ ರಾತ್ರಿ ಊಟ ಮಾಡುತ್ತಾರೆ, ಕಬ್ಬಿಣದ ಮಾತ್ರೆ ಮಧ್ಯಾಹ್ನಕ್ಕೆ ಹೋಗಿದೆ. ಮಗನಿಗೆ ಇನುಲಿನ್ ಡಬ್ಬಿ ಮತ್ತೆ ತರಿಸಬೇಡ ಎಂದಿದ್ದೇನೆ. ನನ್ನದು ಮುಂದಿನ ರಕ್ತ ಪರೀಕ್ಷೆ ಬೇಸಿಗೆ ರಜೆಯಲ್ಲಿ. ಎಲ್‌ಡಿಎಲ್ 130ರ ಕೆಳಗೆ ಬರದಿದ್ದರೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಶುರು ಮಾಡೋಣ ಎಂದಿದ್ದಾರೆ ಡಾಕ್ಟರು. ನಾನು ಒಪ್ಪಿದ್ದೇನೆ. ಆಗಲೂ ಮುದ್ದೆ, ಕಾಳು, ಸಂಜೆಯ ಒಂದು ಚಮಚ ಇಸಬಗೋಲು ಮುಂದುವರಿಯುತ್ತದೆ, ಮಾತ್ರೆಯಿಂದ ಬೇರೆ ಹೊತ್ತಿಗೆ.